ಬುದ್ಧಿಮಾಂದ್ಯರ ಸ್ಥಾನಾಂತರ: ಒಂದು ಐತಿಹಾಸಿಕ ವಿಚಾರ

ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆಯು ಕುಂಠಿತವಾದವರಿಗೆ ಅನ್ನವಸ್ತ್ರಗಳನ್ನಿತ್ತು ಸಲಹುವದು ಪುಣ್ಯಕಾರ್ಯವೆಂಬುದನ್ನು ಶ್ರೀಮಠದ ಸದ್ಭಕ್ತರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ಆದರೆ ಅಂಥವರನ್ನು ಒಂದು ಆಶ್ರಯದಿಂದ ಮತ್ತೊಂದಕ್ಕೆ ಒಯ್ಯುವಾಗ ಅವರೊಡನೆ ಏನೇನು ಹೋಗಬೇಕೆಂಬುದನ್ನು ವಿಚಾರಿಸಿದವರು ವಿರಳ. ಬಟ್ಟೆಯ ಗಂಟು ಹೋಗುವದು, ಸರಕಾರದ ಕಾಗದ ಹೋಗುವದು. ಆ ಮನುಷ್ಯನನ್ನು ಬಲ್ಲವರ ಅರಿವು ಮಾತ್ರ ಹಿಂದೆಯೇ ಉಳಿಯುವದು. ನೂರು ವರ್ಷಕ್ಕೂ ಮಿಕ್ಕಿದ ಕಾಯಿದೆಗಳ ಇತಿಹಾಸವನ್ನು ನೋಡಿದರೆ ಈ ಕೊರತೆಯು ಮೊದಲಿನಿಂದಲೂ ನಡೆದು ಬಂದುದು ಕಾಣುವದು.

ಬೆಳಗಾವಿ ಮತ್ತು ಖಾನಾಪುರಗಳು 1956ನೆಯ ಇಸವಿಯ ನವೆಂಬರ 1ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದವು. ಆಗ ಈ ಸೀಮೆಗೆ ಸಮೀಪವಾಗಿದ್ದ ಮಾನಸಿಕ ಆಸ್ಪತ್ರೆಯೆಂದರೆ ಧಾರವಾಡದ್ದು. ಅದು 19ನೆಯ ಶತಮಾನದಿಂದ ನಡೆದು ಬಂದ ಸಂಸ್ಥೆ. 1912ರ ಭಾರತೀಯ ಹುಚ್ಚರ ಕಾಯಿದೆಯು ಬುದ್ಧಿಮಾಂದ್ಯನನ್ನೂ ಚಿತ್ತಭ್ರಮೆಯುಳ್ಳವನನ್ನೂ ಒಂದೇ ಹೆಸರಿನಿಂದ ಕರೆಯಿತು. ಒಬ್ಬನ ಬುದ್ಧಿ ಬೆಳೆಯಲೇ ಇಲ್ಲ, ಇನ್ನೊಬ್ಬನದು ಬೆಳೆದ ಮೇಲೆ ಕದಡಿತು. ಈ ಭೇದವನ್ನು ನಮ್ಮ ಹಳ್ಳಿಯ ಮುದುಕಿಯರು ಬಲ್ಲರು, ಕಾಯಿದೆ ಬರೆದವರು ಅರಿಯಲಿಲ್ಲ. ಅದೇ ಕಾಯಿದೆಯ ಮೇರೆಗೆ ಪ್ರಾಂತಿಕ ಸರಕಾರವು ತನ್ನ ಒಂದು ಆಸ್ಪತ್ರೆಯಲ್ಲಿದ್ದವನನ್ನು ಮತ್ತೊಂದಕ್ಕೆ ಆಜ್ಞಾಮಾತ್ರದಿಂದ ಸಾಗಿಸಬಹುದಾಗಿತ್ತು. ಅರ್ಜಿಯ ಮೂಲಕ ಸೇರಿಸಲ್ಪಟ್ಟವನಾದರೆ ಅರ್ಜಿದಾರನಿಗೆ ಮುಂಚೆ ತಿಳಿಸಬೇಕೆಂಬ ನಿಯಮವಿತ್ತು. ಹೋಗತಕ್ಕವನಿಗೆ ತಿಳಿಸುವ ಮಾತು ಅದರಲ್ಲಿ ಬರಲಿಲ್ಲ.

ಬುದ್ಧಿಮಾಂದ್ಯರಿಗೆಂದೇ ಪ್ರತ್ಯೇಕವಾದ ಮನೆಗಳು ನಿಧಾನವಾಗಿ ಹುಟ್ಟಿದವು. ಮುಂಬಯಿಯ ಮಾನಖುರ್ದದಲ್ಲಿ 1941ರಲ್ಲಿ ಅಂಥ ಮಕ್ಕಳ ನಿಲಯವು ಆರಂಭವಾಯಿತು. 1944ರಲ್ಲಿ ಅದೇ ನಗರದ ವಕೀಲ ದಂಪತಿಗಳು ತಮ್ಮ ಮಗಳ ನಿಮಿತ್ತವಾಗಿ ಶಾಲೆಯೊಂದನ್ನು ತೆರೆದರು. ಖಾನಾಪುರದ ಕಾಡಂಚಿನ ಹಳ್ಳಿಯ ತಾಯಿಗೆ ಮುಂಬಯಿಯೂ ಒಂದೇ, ಪರದೇಶವೂ ಒಂದೇ. ಏಕೀಕರಣದ ತರುವಾಯ ರಾಜಧಾನಿಯು ಬೆಂಗಳೂರಾಯಿತು. ದಾರಿಯ ದಿಕ್ಕು ಬದಲಾಯಿತೇ ಹೊರತು ದೂರವು ಕಡಿಮೆಯಾಗಲಿಲ್ಲ.

1987ರ ಮಾನಸಿಕ ಆರೋಗ್ಯ ಕಾಯಿದೆಯು ಬುದ್ಧಿಮಾಂದ್ಯತೆಯನ್ನು ಮನೋರೋಗದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಇದು ಯುಕ್ತವೇ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಜಿಲ್ಲೆಗೊಂದು ಸ್ಥಾನಿಕ ಸಮಿತಿಯನ್ನು ಏರ್ಪಡಿಸಿ, ಹದಿನೆಂಟು ವರ್ಷ ದಾಟಿದವರಿಗೂ ಪಾಲಕರನ್ನು ನೇಮಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. ಪಾಲಕನು ಆರು ತಿಂಗಳೊಳಗೆ ಆಶ್ರಿತನ ಸ್ಥಿರಾಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಹೊಲದ ಗುಂಟೆಗಳು ಪಟ್ಟಿಗೆ ಬರುವವು. ಆಶ್ರಿತನು ನೀರನ್ನು ಯಾವ ಸನ್ನೆಯಿಂದ ಕೇಳುವನೆಂಬುದನ್ನು ಬರೆದಿಡಬೇಕೆಂದು ಯಾರೂ ವಿಧಿಸಲಿಲ್ಲ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಮುಂದೆ ಸಾಗಿ, ಸಮಾಜದ ನಡುವೆ ಬಾಳುವದು ಅವರ ಹಕ್ಕೆಂದು ಸಾರಿತು. ಯಾವುದಾದರೊಂದು ನಿಲಯದ ನೋಂದಣಿಯು ರದ್ದಾದರೆ ಅಲ್ಲಿದ್ದವರನ್ನು ತಂದೆತಾಯಿ, ಪತಿ, ಪತ್ನಿ ಅಥವಾ ಪಾಲಕರ ವಶಕ್ಕೆ ಒಪ್ಪಿಸಬಹುದು, ಇಲ್ಲವೆ ಬೇರೊಂದು ನಿಲಯಕ್ಕೆ ವರ್ಗಾಯಿಸಬಹುದು ಎಂದೂ ಅದರಲ್ಲಿದೆ. ಎಲ್ಲಿಗೆ ಎಂಬುದಕ್ಕೆ ಉತ್ತರವಿದೆ, ಹೇಗೆ ಎಂಬುದಕ್ಕಿಲ್ಲ.

‘ಹೇಗೆ’ ಎಂಬುದನ್ನು ಕಡೆಗಣಿಸಿದರೆ ಏನಾಗುವದೆಂಬುದಕ್ಕೆ ದಕ್ಷಿಣ ಆಫ್ರಿಕೆಯ ವೃತ್ತಾಂತವು ಸಾಕ್ಷಿಯಾಗಿದೆ. ಅಲ್ಲಿಯ ಗಾವ್ಟೆಂಗ್ ಪ್ರಾಂತದ ಆರೋಗ್ಯ ಇಲಾಖೆಯು ‘ಲೈಫ್ ಎಸಿಡಿಮೇನಿ’ ಎಂಬ ಸಂಸ್ಥೆಯೊಡನೆ ಇದ್ದ ಕರಾರನ್ನು ಮುರಿಯುವೆನೆಂದು 2015ರಲ್ಲಿ ಪ್ರಕಟಿಸಿ, 2016ರಲ್ಲಿ ಅಲ್ಲಿದ್ದ ಸಾವಿರಕ್ಕೂ ಮಿಕ್ಕಿದ ಜನರನ್ನು ಅವಸರದಿಂದ ಬೇರೆಡೆಗೆ ಸಾಗಿಸಿತು. ಅವರಲ್ಲಿ ಮನೋರೋಗಿಗಳೂ ಇದ್ದರು, ಬುದ್ಧಿಮಾಂದ್ಯರೂ ಇದ್ದರು. ವೆಚ್ಚವನ್ನು ಉಳಿಸುವದು ಮತ್ತು ಜನರನ್ನು ಸಮಾಜದ ನಡುವೆ ಇರಿಸುವದು ಇಲಾಖೆಯು ಹೇಳಿದ ಕಾರಣಗಳು. ಎರಡನೆಯ ಕಾರಣವು ಕೇಳಲಿಕ್ಕೆ ಸುಂದರವಾಗಿದೆ. ಆದರೆ ಅನೇಕರನ್ನು ಸೇರಿಸಿಕೊಂಡ ಸೇವಾಸಂಸ್ಥೆಗಳಿಗೆ ಸರಿಯಾದ ಪರವಾನಿಗೆಯೇ ಇರಲಿಲ್ಲ. ರೋಗಿಗಳ ದಾಖಲೆಗಳು ಅವರ ಸಂಗಡ ಹೋಗಲಿಲ್ಲ. ಕೆಲವು ಮನೆಯವರಿಗೆ ತಮ್ಮವರು ಎಲ್ಲಿರುವರೆಂಬುದೇ ತಿಳಿಯಲಿಲ್ಲ. 144 ಜನ ಸತ್ತರು. 2018ರಲ್ಲಿ ನಿವೃತ್ತ ನ್ಯಾಯಮೂರ್ತಿ ಮೊಸೆನೆಕೆಯವರು ಕೊಟ್ಟ ತೀರ್ಪಿನಲ್ಲಿ ಈ ಸಂಖ್ಯೆಯು ದಾಖಲಾಗಿದೆ. ಅವರನ್ನು ಬೇಕೆಂದು ಕೊಂದವರಿಲ್ಲ. ಯಾರಿಗೆ ಯಾವ ಔಷಧ, ಯಾರಿಗೆ ಮೆತ್ತಗಿನ ಅನ್ನ ಎಂಬುದನ್ನು ಅರಿಯದವರ ಕೈಗೆ ಅವರು ಬಿದ್ದರು.

ಇದನ್ನು ದೂರದ ಕಥೆಯೆಂದು ಬಿಡಲಾಗದು. ನಮ್ಮ ಕಡೆಗೆ ಬುದ್ಧಿಮಾಂದ್ಯರ ಮೊದಲ ಆಶ್ರಯವು ಬಹುಶಃ ತಾಯಿಯೇ ಆಗಿರುವಳು. ಮೊದಲ ಸ್ಥಾನಾಂತರವು ಆಕೆಯ ಮರಣದ ವಾರದಲ್ಲಿಯೇ, ಅಂದರೆ ಹೇಳತಕ್ಕವರು ಇಲ್ಲದ ಹೊತ್ತಿನಲ್ಲಿಯೇ ಆಗುವದು. ಅದರ ಮೇಲೆ ಭಾಷೆಯ ತೊಡಕು. ಖಾನಾಪುರ ತಾಲೂಕಿನಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಓಣಿಯಲ್ಲಿ ಕೇಳಿಸುವವು. ಮನೆಯ ಹತ್ತಿಪ್ಪತ್ತು ಮರಾಠಿ ಮಾತುಗಳನ್ನಷ್ಟೇ ಬಲ್ಲ ಒಬ್ಬ ತರುಣನನ್ನು ಕನ್ನಡವೊಂದೇ ನಡೆಯುವ ಬೆಳಗಾವಿಯ ನಿಲಯದಲ್ಲಿ ಇರಿಸಿದರೆ, ಅವನು ‘ಪಾಣಿ’ ಎಂದು ಕೂಗಿದ್ದು ಹಟವಾಗಿ ತೋರೀತು. ದಾರಿ ಎಂಟು ಹರದಾರಿಗಿಂತ ಹೆಚ್ಚಿಲ್ಲ. ಅವನ ಪಾಲಿಗೆ ಅದು ಸಮುದ್ರೋಲ್ಲಂಘನ.

ಆದಕಾರಣ ತಾಯಿಯು ಬದುಕಿರುವಾಗಲೇ ಒಂದು ಪುಸ್ತಕವನ್ನು ಬರೆಯಿಸಿಡತಕ್ಕದ್ದು. ಅವನ ಮಾತು ಮತ್ತು ಸನ್ನೆಗಳ ಅರ್ಥ, ಊಟದ ರೀತಿ, ಮಲಗುವ ಮಗ್ಗುಲು, ಮೂರ್ಛೆ ಬರುವದಿದ್ದರೆ ಅದರ ಲಕ್ಷಣ, ಔಷಧದ ಹೆಸರು ಮತ್ತು ಪ್ರಮಾಣ, ಅಂಜಿಕೆಯ ವಸ್ತು, ಇವೆಲ್ಲ ಅದರಲ್ಲಿರಲಿ. ಆಕೆಗೆ ಅಕ್ಷರ ಬಾರದಿದ್ದರೆ ಶಾಲೆ ಕಲಿತ ಮಕ್ಕಳು ಬರೆದುಕೊಡಬಹುದು. ಹೊಸ ನಿಲಯಕ್ಕೆ ಮೊದಲು ಒಂದು ಹೊತ್ತು, ಆಮೇಲೆ ಒಂದು ರಾತ್ರಿ, ಹೀಗೆ ಕ್ರಮವಾಗಿ ಕರೆದೊಯ್ಯಬೇಕು. ಅವನಿಗೆ ಹೋಗಲು ಮನಸ್ಸಿದೆಯೋ ಇಲ್ಲವೋ ಎಂಬುದನ್ನು ಅವನ ಮುಖದಿಂದಾದರೂ ತಿಳಿಯಬೇಕು. ಒಂದು ನಿಲಯವನ್ನು ಬಿಟ್ಟು ಮತ್ತೊಂದಕ್ಕೆ ಹೋಗುವದಾದರೆ ಹಳೆಯ ನಿಲಯದಲ್ಲಿ ಅವನಿಗೆ ಉಣಿಸುತ್ತಿದ್ದವರೊಬ್ಬರು ಮೊದಲ ವಾರ ಹೊಸದರಲ್ಲಿ ಉಳಿದುಕೊಳ್ಳಲಿ. ಅವರ ಬಸ್ಸಿನ ಚಾರ್ಜು ಮತ್ತು ಎರಡು ಹೊತ್ತಿನ ಊಟ, ಇಷ್ಟರ ಹೊರತು ಇದಕ್ಕೆ ಹೆಚ್ಚಿನ ಖರ್ಚು ಬೀಳಲಾರದು.