ಮಕ್ಕಳ ಪುಸ್ತಕ, ದೊಡ್ಡವರ ಜಗಳ

ಪುಣ್ಯಕೋಟಿಯ ಕಥೆಯಲ್ಲಿ ತಾಯಿಯೊಂದು ಕರುವನ್ನು ತಬ್ಬಲಿ ಮಾಡಿ ಸಾವಿನ ಕಡೆಗೆ ನಡೆಯುತ್ತದೆ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಈ ಹಾಡನ್ನು ನಾವು ಶಾಲೆಯಲ್ಲಿ ಕಲಿತೆವು, ಕೇಳುವಾಗ ಕಣ್ಣೊರೆಸಿಕೊಂಡವರು ಮನೆಯ ಹಿರಿಯರು. ಇದು ಮಕ್ಕಳದೋ ದೊಡ್ಡವರದೋ ಎಂದು ಯಾರೂ ಕೇಳಲಿಲ್ಲ. ಪುಸ್ತಕದಂಗಡಿಯಲ್ಲಿ ವಯಸ್ಸಿಗೊಂದು ಕಪಾಟು ಬಂದ ಮೇಲೆ ಆ ಪ್ರಶ್ನೆ ಬಂತು. ಅಮೆರಿಕದ ಸೂಸನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' 2008ರಲ್ಲಿ ಹೊರಬಂದಾಗಿನಿಂದ, ಹದಿಹರೆಯದವರಿಗೆಂದು ಬರೆದ ಡಿಸ್ಟೋಪಿಯನ್ ಕಾದಂಬರಿಗಳನ್ನು, ಅಂದರೆ ಮುಂದೆ ಬರಬಹುದಾದ ಕೆಟ್ಟ ಕಾಲವನ್ನು ಕಣ್ಣಿಗೆ ಕಟ್ಟುವ ಕಥೆಗಳನ್ನು, ನಲವತ್ತು ದಾಟಿದವರೂ ಓದಿ ಚರ್ಚಿಸುವುದು ಹೊಸ ಫ್ಯಾಷನ್ ಎಂಬಂತೆ ಮಾತಾಡುತ್ತಾರೆ. ಜರ್ಮನಿಯಲ್ಲಿ ಇದು ಹೊಸದೇನಲ್ಲ. ಇಲ್ಲಿನ ದೊಡ್ಡವರು ಅಂಥ ಒಂದು ಪುಸ್ತಕದ ಸುತ್ತ ದಶಕಗಳ ಕಾಲ ವಾದ ಮಾಡಿದ್ದಾರೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿತು. ಕೆಲವೇ ದಿನಗಳಲ್ಲಿ ಆ ವಿಕಿರಣ ಹೊತ್ತ ಮೋಡ ದಕ್ಷಿಣ ಜರ್ಮನಿಯ ಮೇಲೆ ಮಳೆಯಾಗಿ ಸುರಿಯಿತು. ಮಕ್ಕಳನ್ನು ಮರಳಿನಲ್ಲಿ ಆಡಲು ಬಿಡಲಿಲ್ಲ. ಸೊಪ್ಪು, ಹಾಲು ಕೊಳ್ಳಲು ಜನ ಹೆದರಿದರು. ಇಂದಿಗೂ ಇಲ್ಲಿನ ಕಾಡುಹಂದಿಯ ಮಾಂಸವನ್ನು ಸೀಸಿಯಂಗಾಗಿ ಪರೀಕ್ಷಿಸುತ್ತಾರೆ, ಕೆ.ಜಿ.ಗೆ 600 ಬೆಕರೆಲ್ ದಾಟಿದರೆ ಮಾರುವಂತಿಲ್ಲ.

ಮರುವರ್ಷ, 1987ರಲ್ಲಿ, ಹೆಸ್ಸೆನ್ ರಾಜ್ಯದ ಶ್ಲಿಟ್ಸ್ ಎಂಬ ಸಣ್ಣ ಪಟ್ಟಣದಲ್ಲಿದ್ದ ಶಿಕ್ಷಕಿ ಗುಡ್ರುನ್ ಪೌಸೆವಾಂಗ್ 'ಡೀ ವೋಲ್ಕೆ' ಬರೆದರು. ಹೆಸರಿನ ಅರ್ಥ 'ಮೋಡ'. ಬವೇರಿಯಾದ ಗ್ರಾಫೆನ್‌ರೈನ್‌ಫೆಲ್ಡ್ ಎಂಬ ನಿಜವಾದ ಸ್ಥಾವರದಲ್ಲಿ ಅಪಘಾತವಾಯಿತೆಂದು ಕಲ್ಪಿಸಿದ ಕಥೆಯಿದು. ಹದಿನಾಲ್ಕರ ಯಾನಾ-ಬರ್ಟಾ ತಮ್ಮನ ಜೊತೆ ಸೈಕಲ್ ಹತ್ತಿ ಊರು ಬಿಡುತ್ತಾಳೆ. ದಾರಿಯಲ್ಲಿ ತಮ್ಮ ಕಾರಿಗೆ ಸಿಕ್ಕಿ ಸಾಯುತ್ತಾನೆ. ಮಳೆಯಲ್ಲಿ ನೆನೆದ ಆಕೆಯ ಕೂದಲು ಉದುರುತ್ತದೆ. ಕೊನೆಯಲ್ಲಿ, ಪ್ರವಾಸದಿಂದ ಮರಳಿದ ಅಜ್ಜ ಇದೆಲ್ಲ ಜನರ ಅತಿರೇಕ ಎಂದು ಗೊಣಗುವಾಗ, ಆಕೆ ಟೋಪಿ ತೆಗೆದು ಬೋಳು ತಲೆ ತೋರಿಸಿ ನಡೆದದ್ದನ್ನು ಹೇಳತೊಡಗುತ್ತಾಳೆ.

ಪುಸ್ತಕದ ಉದ್ದನೆಯ ಉಪಶೀರ್ಷಿಕೆಯ ತಾತ್ಪರ್ಯ ಇಷ್ಟು: ನಮಗೇನೂ ಗೊತ್ತಿರಲಿಲ್ಲ ಎಂದು ಇನ್ನು ಮುಂದೆ ಹೇಳುವ ಹಾಗಿಲ್ಲ. ಈ ಮಾತಿನ ತೂಕ ಜರ್ಮನ್ ಕಿವಿಗೆ ಬೇರೆಯೇ. 1945ರ ನಂತರ ನಾಜಿ ಶಿಬಿರಗಳ ಬಗ್ಗೆ ಕೇಳಿದಾಗ ಎಷ್ಟೋ ಮನೆಗಳ ಹಿರಿಯರು ಕೊಟ್ಟ ಉತ್ತರ 'ನಮಗೇನೂ ಗೊತ್ತಿರಲಿಲ್ಲ' ಎಂಬುದೇ. 1928ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿದ ಪೌಸೆವಾಂಗ್, ಹಿಟ್ಲರನನ್ನು ನಂಬಿ ಬೆಳೆದ ಹುಡುಗಿ ತಾನಾಗಿದ್ದೆ ಎಂದು ಬಹಿರಂಗವಾಗಿ ಹೇಳಿಕೊಂಡವರು. ಆಕೆಯ ಪುಸ್ತಕದಲ್ಲಿ ಮಗು ಪ್ರಶ್ನೆ ಕೇಳುತ್ತದೆ, ಉತ್ತರಿಸಬೇಕಾದವರು ದೊಡ್ಡವರು. ಹಾಗಾಗಿ ಅದನ್ನು ಮಕ್ಕಳ ಕಪಾಟಿನಲ್ಲೇ ಬಿಟ್ಟು ಸುಮ್ಮನಿರಲು ಅವರಿಂದ ಆಗಲಿಲ್ಲ.

1988ರಲ್ಲಿ ಅದಕ್ಕೆ ಜರ್ಮನ್ ಯುವಸಾಹಿತ್ಯ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹಣ ಒಕ್ಕೂಟ ಸರ್ಕಾರದ್ದು. ಆಗಿನ ಹೆಲ್ಮುಟ್ ಕೋಲ್ ಸರ್ಕಾರವೋ ಅಣುವಿದ್ಯುತ್ತಿನ ಪರ. ಸಹಜವಾಗಿಯೇ ವಿವಾದವಾಯಿತು. ಮಕ್ಕಳನ್ನು ಸುಮ್ಮನೆ ಹೆದರಿಸುತ್ತಾರೆ ಎಂದರು ಕೆಲವರು. ಹೆದರುವಂಥದ್ದು ಇದ್ದರೆ ಹೇಳಬಾರದೇ ಎಂದರು ಇನ್ನು ಕೆಲವರು. ಅದೇ ವರ್ಷ ಜರ್ಮನಿಯ ವೈಜ್ಞಾನಿಕ ಕಾದಂಬರಿ ಕ್ಷೇತ್ರದವರು ಮತ ಹಾಕಿ ಆರಿಸುವ ಕುರ್ಡ್ ಲಾಸ್ವಿಟ್ಸ್ ಪ್ರಶಸ್ತಿಯೂ ಇದಕ್ಕೇ ಸಿಕ್ಕಿತು. ಹದಿಹರೆಯದವರಿಗೆ ಬರೆದ ಪುಸ್ತಕ ಎಂದು ಆ ದೊಡ್ಡವರು ಅದನ್ನು ಬದಿಗಿಡಲಿಲ್ಲ. ಮುಂದೆ ಶಾಲೆಗಳಲ್ಲಿ ಪಾಠವಾಯಿತು, 2006ರಲ್ಲಿ ಸಿನಿಮಾ ಆಯಿತು.

ನಾನಿರುವ ಶ್ವೀಬರ್ಡಿಂಗೆನ್‌ನಿಂದ ನೇರ ಲೆಕ್ಕದಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿ, ನೆಕರ್ ನದಿಯ ದಂಡೆಯಲ್ಲಿ ನೆಕರ್‌ವೆಸ್ಟ್‌ಹೈಮ್ ಅಣುಸ್ಥಾವರವಿದೆ. 2011ರ ಮಾರ್ಚ್ 12ರಂದು ಅಲ್ಲಿಂದ ಸ್ಟುಟ್‌ಗಾರ್ಟ್‌ವರೆಗೆ 45 ಕಿ.ಮೀ. ಮಾನವ ಸರಪಳಿ ನಿಂತಿತು. ಸಂಘಟಕರ ಲೆಕ್ಕದಲ್ಲಿ 60,000 ಜನ. ಅದನ್ನು ಮೊದಲೇ ಗೊತ್ತುಮಾಡಿದ್ದರು. ಹಿಂದಿನ ದಿನವಷ್ಟೇ ಜಪಾನಿನಲ್ಲಿ ಭೂಕಂಪ, ಸುನಾಮಿ. ಸರಪಳಿಯ ದಿನವೇ ಫುಕುಶಿಮಾದಲ್ಲಿ ಮೊದಲ ಸ್ಫೋಟ. ಆ ವಾರಗಳಲ್ಲಿ 'ಡೀ ವೋಲ್ಕೆ'ಗೆ ಮತ್ತೆ ಬೇಡಿಕೆ ಬಂತು. 1988ರಲ್ಲಿ ಹದಿನಾಲ್ಕರ ವಯಸ್ಸಿಗೆ ಅದನ್ನು ಓದಿದವರಿಗೆ ಈಗ 37: ಮನೆ, ಮಕ್ಕಳು, ಮತದ ಹಕ್ಕು ಎಲ್ಲ ಇದ್ದವರು. ಮಾರ್ಚ್ 27ರ ಚುನಾವಣೆಯ ನಂತರ ಬಾಡೆನ್-ವುರ್ಟೆಂಬರ್ಗ್‌ನಲ್ಲಿ ವಿನ್‌ಫ್ರೀಡ್ ಕ್ರೆಚ್‌ಮನ್ ದೇಶದ ಮೊದಲ ಗ್ರೀನ್ ಪಕ್ಷದ ಮುಖ್ಯಮಂತ್ರಿಯಾದರು. ಒಂದು ಪುಸ್ತಕದಿಂದ ಇದೆಲ್ಲ ಆಯಿತು ಎನ್ನಲಾಗದು. ಆದರೆ ಆ ಮತದಾರರಲ್ಲಿ ಎಷ್ಟೋ ಮಂದಿ ಆ ಭಯವನ್ನು ಮೊದಲು ಶಾಲೆಯ ಬೆಂಚಿನ ಮೇಲೆ ಓದಿದ್ದವರು.

2023ರ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಮೂರು ಸ್ಥಾವರಗಳು ನಿಂತವು. ನೆಕರ್‌ವೆಸ್ಟ್‌ಹೈಮ್‌ನ ಎರಡನೆಯ ಘಟಕ ಅವುಗಳಲ್ಲೊಂದು. ಜಗಳ ಮಾತ್ರ ನಿಂತಿಲ್ಲ. ಕಲ್ಲಿದ್ದಲು ಸುಡುತ್ತಾ ಅಣುಸ್ಥಾವರ ಮುಚ್ಚಿದ್ದು ಸರಿಯೇ ಎಂದು ಕೇಳುವವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಾದಂಬರಿ ಭಯವನ್ನು ಹೇಳಬಲ್ಲದು, ವಿದ್ಯುತ್ತಿನ ಲೆಕ್ಕ ಬರೆಯಲಾರದು.

ಲೆಕ್ಕ ನನ್ನ ಕಸುಬು, ಆದ್ದರಿಂದ ಇನ್ನೊಂದು ಅಂಕಿ ಹೇಳುತ್ತೇನೆ. 2017ರಲ್ಲಿ ಸ್ಥಾವರಗಳ ಕಂಪನಿಗಳು ಅಣುತ್ಯಾಜ್ಯದ ಖರ್ಚಿಗೆಂದು ಸರ್ಕಾರಿ ನಿಧಿಯೊಂದಕ್ಕೆ ಸುಮಾರು 2,400 ಕೋಟಿ ಯೂರೋ ಕಟ್ಟಿದವು. ಅಪಾಯಕಾರಿ ತ್ಯಾಜ್ಯವನ್ನು ಶಾಶ್ವತವಾಗಿ ಹೂಳುವ ಸ್ಥಳ ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ದುಡ್ಡು ಕಟ್ಟಿದವರು ಒಬ್ಬರು, ಹೊಣೆ ಹೊರುವವರು ಇನ್ನೂ ಹುಟ್ಟದವರು. ಬ್ಯಾಲೆನ್ಸ್ ಶೀಟಿನಲ್ಲಿ ಅವರ ಹೆಸರಿಗೆ ಜಾಗವಿಲ್ಲ, ಕಾದಂಬರಿಯಲ್ಲಿದೆ. ನಡುವಯಸ್ಸಿನವರು ಇಂಥ ಪುಸ್ತಕ ಓದುವುದನ್ನು ಹುಡುಗಾಟ ಎಂದು ನಗುವವರಿಗೆ ನಾನು ಹೇಳುವುದು ಇಷ್ಟೇ: ಮಕ್ಕಳು ನಾಳೆ ನಮ್ಮನ್ನು ಏನು ಕೇಳಬಹುದೆಂದು ಇಂದೇ ತಿಳಿಯಲು ಇದೊಂದು ದಾರಿ.

ನಮ್ಮಲ್ಲಿಯೂ ಒಬ್ಬ ಹಿರಿಯರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಮೂವತ್ತರ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನು ಕೊಟ್ಟ ಶಿವರಾಮ ಕಾರಂತರು, 87ನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಕೈಗಾ ಅಣುಸ್ಥಾವರದ ವಿರೋಧವೇ ಅವರ ಮುಖ್ಯ ಮಾತು. ಸೋತರು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗ ಕುಸಿಯಿತು. 2000ದಲ್ಲಿ ಕೈಗಾ ವಾಣಿಜ್ಯವಾಗಿ ವಿದ್ಯುತ್ ಕೊಡತೊಡಗಿತು. 2018ರಲ್ಲಿ ಅದರ ಮೊದಲ ಘಟಕ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಎರಡೂ ಪಕ್ಷದವರ ಲೇಖನ, ಭಾಷಣಗಳನ್ನು ನಾವು ಓದಿದೆವು, ಕೇಳಿದೆವು. ಕಾಳಿ ನದಿಯ ದಂಡೆಯ ಹದಿನಾಲ್ಕರ ಹುಡುಗಿಯೊಬ್ಬಳ ಕಣ್ಣಿನಿಂದ ಆ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಬರೆದರೆ, ಮಗಳ ಕೈಗೆ ಕೊಡುವ ಮೊದಲು ನಾನೇ ಓದುತ್ತೇನೆ.