ಬಸವನಹುಳು ಸಾಕಿದವರ ಕಥೆ

ಮೃಗಶಿರಾ ಮಳೆ ಹಿಡಿಯಿತೆಂದರೆ ನಮ್ಮ ಬದಲಾಪುರದ ಕಾಂಪೌಂಡು ಗೋಡೆಗಳ ಮೇಲೂ ತುಳಸಿ ಕುಂಡಗಳ ಸುತ್ತಲೂ ಬಸವನಹುಳುಗಳ ಮೆರವಣಿಗೆ ಆರಂಭವಾಗುತ್ತದೆ. ಮಕ್ಕಳಿಗೆ ಅವನ್ನು ಡಬ್ಬಿಯಲ್ಲಿಟ್ಟು ಸಾಕುವ ಹಂಬಲ. ತಲೆಯ ಮೇಲಿನ ಕೊಂಬುಗಳನ್ನು ಕಂಡು ನಮ್ಮ ಹಿರಿಯರು ಅದನ್ನು ಬಸವ ಎಂದರು. ನೆರೆಯ ಮರಾಠಿ ಬಂಧುಗಳ ‘ಗೋಗಲಗಾಯ್’ ಎಂಬ ಮಾತಿನಲ್ಲಿ ಅದು ಹಸುವಾಗಿದೆ. ಇಂಥ ಸಾಧುಪ್ರಾಣಿಯನ್ನು ಸಾಕಿದರೆ ತಪ್ಪೇನು? ಉತ್ತರಕ್ಕಾಗಿ ನಾವು ಇತಿಹಾಸದತ್ತ ಕಣ್ಣು ಹಾಯಿಸಬೇಕು.

ಬಸವನಹುಳು ಸಾಕಣೆ ಎರಡು ಸಾವಿರ ವರ್ಷಗಳಷ್ಟು ಹಳೆಯ ವಿದ್ಯೆ. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ ಫುಲ್ವಿಯಸ್ ಲಿಪ್ಪಿನಸ್ ಎಂಬ ರೋಮನ್ನನು ಊಟದ ಮೇಜಿಗಾಗಿ ಇವನ್ನು ಸಾಕಿದನೆಂದು ಪ್ಲಿನಿ ಬರೆದಿದ್ದಾನೆ. ಅದೇ ಕಾಲದ ವಾರೋ ಪಂಡಿತನು ವಿಧಾನವನ್ನೂ ವಿವರಿಸಿದ್ದಾನೆ: ಜಾಗ ನೆರಳಿನದಾಗಿರಬೇಕು, ಇಬ್ಬನಿ ಸಾಲದಿದ್ದರೆ ಕೊಳವೆಯಿಂದ ನೀರು ಚಿಮುಕಿಸಬೇಕು, ಹುಳುಗಳು ತಪ್ಪಿಸಿಕೊಳ್ಳದಂತೆ ಸುತ್ತಲೂ ನೀರಿನ ಕಾಲುವೆ ಇರಬೇಕು. ಸಾಕುವವನ ಮೊದಲ ಪಾಠವೇ ಬೇಲಿ ಎಂಬುದನ್ನು ವಾಚಕರು ಗಮನಿಸಬೇಕು.

ಭಾರತದಲ್ಲಿ ಈ ಪಾಠ ಮರೆತದ್ದು 1847ರಲ್ಲಿ. ಬಂಗಾಳದ ಸಿವಿಲ್ ಅಧಿಕಾರಿಯೂ ಚಿಪ್ಪುಜೀವಿಗಳ ಪಂಡಿತನೂ ಆಗಿದ್ದ ವಿಲಿಯಂ ಹೆನ್ರಿ ಬೆನ್ಸನ್ ಮಾರಿಷಸ್ಸಿನಿಂದ ಒಂದೆರಡು ದೈತ್ಯ ಬಸವನಹುಳುಗಳನ್ನು ತಂದನು. ಪೂರ್ವ ಆಫ್ರಿಕ ಅವುಗಳ ಮೂಲ. ಅವು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಉಳಿದವು, ಬೆಳೆದವು, ಹಬ್ಬಿದವು. ಇಂದು ಮುಂಬಯಿ–ಠಾಣೆ ಸೀಮೆಯ ಗೋಡೆಗಳನ್ನೇರುವ, ಕರ್ನಾಟಕದ ಬಾಳೆ, ಪಪಾಯಿ, ಅಡಿಕೆ, ಕಾಫಿ ತೋಟಗಳನ್ನು ಕಾಡುವ ಹುಳು ಇದೇ.

ಇಷ್ಟು ಹಬ್ಬುವುದಕ್ಕೆ ಕಾರಣವಿದೆ. ಇದು ಉಭಯಲಿಂಗಿ, ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಳ್ಳುವುದರಿಂದ ಒಂಟಿ ಹುಳುವೂ ಸಂತಾನ ಬೆಳೆಸಬಲ್ಲದು. ಒಂದು ಸಲಕ್ಕೆ 100ರಿಂದ 400 ಮೊಟ್ಟೆ, ವರ್ಷಕ್ಕೆ ಹಲವು ಸಲ. ಅದೂ ಹಸಿ ಮಣ್ಣಿನೊಳಗೆ, ನಮ್ಮ ಕಣ್ಣಿಗೆ ಬೀಳದಂತೆ.

ಮಕ್ಕಳ ಆಟದಿಂದಲೇ ನಡೆದ ಒಂದು ಅನಾಹುತವೂ ದಾಖಲೆಯಲ್ಲಿದೆ. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಅಮೆರಿಕದ ಮಿಯಾಮಿ ನಗರಕ್ಕೆ ಮೂರು ಹುಳು ತಂದ. ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟರು. ಏಳು ವರ್ಷಗಳಲ್ಲಿ ಅಲ್ಲಿ ಸಿಕ್ಕಿದ್ದು 18,000ಕ್ಕೂ ಹೆಚ್ಚು! ನಿರ್ಮೂಲನಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಖರ್ಚಾಯಿತು.

ಆದರೆ ಡಬ್ಬಿಯ ಸಾಕಣೆ ಒಂದು ಕುಲವನ್ನು ಉಳಿಸಿದ್ದೂ ಉಂಟು. ಆಫ್ರಿಕದ ಹುಳುವನ್ನು ಅಡಗಿಸಲೆಂದು 1977ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದಲ್ಲಿ ಮಾಂಸಾಹಾರಿ ಬಸವನಹುಳುವೊಂದನ್ನು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಅಲ್ಲಿಯದೇ ಆದ ಪುಟ್ಟ ಪಾರ್ಟುಲಾಗಳನ್ನು ತಿಂದು ಮುಗಿಸಿತು. ವಿಜ್ಞಾನಿಗಳು ಉಳಿದ ಕೆಲವನ್ನು ಎತ್ತಿಕೊಂಡು ಹೋಗಿ, ಲಂಡನ್ ಮೊದಲಾದ ಮೃಗಾಲಯಗಳಲ್ಲಿ ತೇವದ ಡಬ್ಬಿಗಳಲ್ಲಿಟ್ಟು ದಶಕಗಳ ಕಾಲ ಸಾಕಿದರು. ಪಾರ್ಟುಲಾ ಮೊಟ್ಟೆಯಿಡದೆ ಒಂದೊಂದೇ ಮರಿ ಹಾಕುವುದರಿಂದ ಪ್ರತಿ ಮರಿಯನ್ನೂ ಎಣಿಸಬೇಕಾಯಿತು. 2015ರಿಂದ ಅವನ್ನು ತವರಿನ ಕಾಡಿಗೆ ಮರಳಿಸಲಾಗುತ್ತಿದೆ.

ಹಾಗಾದರೆ ನಮ್ಮ ಮಕ್ಕಳಿಗೆ ಏನು ಹೇಳೋಣ? ನೋಡಲಿ, ಬೇಕಾದರೆ ನಾಲ್ಕು ದಿನ ಗಾಳಿಯಾಡುವ ಮುಚ್ಚಳದ ಡಬ್ಬಿಯಲ್ಲಿಟ್ಟು ಸೌತೆಕಾಯಿ ಹೋಳು, ಮೊಟ್ಟೆಚಿಪ್ಪಿನ ಪುಡಿ ಕೊಡಲಿ. ಇಲಿಯ ಶ್ವಾಸಕೋಶದ ಹುಳುವನ್ನು ಇದು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ. ಆಟದ ಬಳಿಕ ಸಾಬೂನಿನಿಂದ ಕೈ ತೊಳೆಯಲಿ. ಮಣ್ಣಿನಲ್ಲಿ ಹಳದಿ ಛಾಯೆಯ ಸಣ್ಣ ಮುತ್ತಿನಂಥ ಮೊಟ್ಟೆ ಕಂಡರೆ ಹಿರಿಯರು ಕುದಿನೀರು ಹೊಯ್ಯಬೇಕು.

ಇನ್ನೊಂದು ಮಾತು ನಮಗೇ. ರಜೆಯಲ್ಲಿ ಊರಿಗೆ ಹೋಗುವಾಗ ಇಲ್ಲಿಂದ ದಾಸವಾಳದ ಕುಂಡ, ಅಲ್ಲಿಂದ ಮಲ್ಲಿಗೆಯ ಸಸಿ ಒಯ್ಯುವುದು ನಮ್ಮ ರೂಢಿ. ಮೊಟ್ಟೆಗಳು ಪ್ರಯಾಣ ಮಾಡುವುದು ಆ ಮಣ್ಣಿನಲ್ಲೇ. ಬೇರು ತೊಳೆದು, ಒದ್ದೆ ಬಟ್ಟೆ ಸುತ್ತಿ ಒಯ್ದರೆ ಗಿಡಕ್ಕೆ ಹಾನಿಯಿಲ್ಲ. ಅಣ್ಣತಮ್ಮಂದಿರ ಅಡಿಕೆ ತೋಟವೂ ಉಳಿದೀತು.