ಕಡಕ್ ಚಹದ ಹಿಂದಿನ ಕಥೆ

ಬಳ್ಳಾರಿಯ ಬಿಸಿಲು ಇಳಿಯುವ ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಜೊತೆಗೆ ಒಂದು ಲೋಟ ಕಡಕ್ ಚಹ ಬೇಕೆನ್ನುವವರೇ ಹೆಚ್ಚು. ಸಿರುಗುಪ್ಪ, ಕುರುಗೋಡುಗಳಲ್ಲಿಯೂ ಇದೇ ರೂಢಿ. ಆದರೆ ನಮ್ಮ ಎರೆನೆಲ ಹತ್ತಿ, ಜೋಳಗಳಿಗೆ ಒಗ್ಗಿದುದು. ಸಿರುಗುಪ್ಪದ ಗದ್ದೆಗಳಿಗೆ ತುಂಗಭದ್ರೆಯ ನೀರುಂಟು, ನಿಜ. ಭತ್ತ ನಿಂತ ನೀರಿನಲ್ಲಿ ನಲಿದರೆ, ಚಹದ ಬೇರು ಅದರಲ್ಲಿ ಕೊಳೆತುಹೋಗುತ್ತದೆ. ಅದಕ್ಕೆ ಮಳೆಯೂ ಬೇಕು, ನೀರು ಬಸಿದುಹೋಗುವ ನೆಲವೂ ಬೇಕು. ಅವೆರಡೂ ಕೂಡಿಬಂದಿರುವ ಸೀಮೆಯೇ ಅಸ್ಸಾಮಿನ ಬ್ರಹ್ಮಪುತ್ರಾ ಕಣಿವೆ. ಅಲ್ಲಿಯ ಅಗಲವಾದ ಎಲೆ ಗಾಢ ಬಣ್ಣವನ್ನೂ ಒಗರನ್ನೂ ಕೊಡುತ್ತದೆ. ಹಾಲು ಬೆರೆತರೂ ರುಚಿ ಸೋಲದು.

ಈ ಗಿಡವನ್ನು ಆಂಗ್ಲರು ತಂದು ನೆಟ್ಟರೆಂದು ತಿಳಿದವರುಂಟು. ಅದು ಸರಿಯಲ್ಲ. ಅಲ್ಲಿಯ ಸಿಂಗ್ಫೋ ಜನ ಕಾಡಿನ ಎಲೆಯನ್ನು ಮೊದಲೇ ಬಳಸುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬಾತ ಅವರ ಮುಖಂಡನಿಂದ ಅದರ ಸುದ್ದಿ ತಿಳಿದನು. 1834ರಲ್ಲಿ ಸರ್ಕಾರ ಚಹ ಸಮಿತಿಯನ್ನು ನೇಮಿಸಿತು. ಮೊದಮೊದಲು ಚೀನದ ಬೀಜವೇ ಮೇಲೆಂದು ತರಿಸಿ ನೆಟ್ಟರು. ಕೊನೆಗೆ ಗೆದ್ದುದು ನೆಲದ ಗಿಡವೇ. 1839ರ ಜನವರಿಯಲ್ಲಿ ಅಸ್ಸಾಮಿನ ಚಹ ಲಂಡನ್ನಿನಲ್ಲಿ ಹರಾಜಾಯಿತು. ಅದೇ ವರ್ಷ ಅಸ್ಸಾಮ್ ಕಂಪನಿ ಹುಟ್ಟಿತು.

ಆ ಕಂಪನಿಯ ದಿವಾನನಾಗಿದ್ದವನು ಮಣಿರಾಮ. ಕೆಲಸ ಬಿಟ್ಟು ತನ್ನದೇ ತೋಟಗಳನ್ನು ಮಾಡಿದ ಮೊದಲ ಭಾರತೀಯರಲ್ಲಿ ಅವನೊಬ್ಬ. 1857ರ ದಂಗೆಯಲ್ಲಿ ಪಾಲುಗೊಂಡನೆಂದು 1858ರ ಫೆಬ್ರವರಿ 26ರಂದು ಜೋರ್ಹಾಟಿನಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ತೋಟಗಳು ಹರಾಜಾದವು.

ತೋಟಗಳು ಹಬ್ಬಿದಂತೆ ಆಳುಗಳ ಅಗತ್ಯ ಹೆಚ್ಚಿತು. ಛೋಟಾನಾಗಪುರದಿಂದಲೂ, ಅಂದಿನ ಮದರಾಸು ಪ್ರಾಂತದ ಗಂಜಾಂ, ವಿಶಾಖಪಟ್ಟಣಗಳಿಂದಲೂ ಬಡವರನ್ನು ಕರಾರಿನ ಮೇಲೆ ಕರೆದೊಯ್ದರು. ಬಳ್ಳಾರಿಯೂ 1953ರವರೆಗೆ ಮದರಾಸಿನ ಆಡಳಿತದಲ್ಲಿಯೇ ಇದ್ದಿತಷ್ಟೆ. ಕರಾರು ಮುರಿದು ಹೊರಟವನು ಕಾನೂನಿನ ಕಣ್ಣಿಗೆ ಅಪರಾಧಿ. 1921ರ ಮೇ ತಿಂಗಳಲ್ಲಿ ಚಾರ್ಗೋಲಾ ಕಣಿವೆಯ ಸಾವಿರಾರು ಆಳುಗಳು ತೋಟ ಬಿಟ್ಟು ಊರಿನ ದಾರಿ ಹಿಡಿದರು. ಚಾಂದಪುರ ನಿಲ್ದಾಣದಲ್ಲಿ ಅವರ ಮೇಲೆ ಸೈನಿಕರನ್ನು ಹಾಯಿಸಲಾಯಿತು. ತೋಟದ ದುಡಿಮೆಗಾರರಿಗೆ ವಸತಿ, ವೈದ್ಯ ಮುಂತಾದ ಸೌಕರ್ಯಗಳನ್ನು ಹಕ್ಕಾಗಿ ಬರೆದುಕೊಟ್ಟ ಕಾಯಿದೆ ಬಂದುದು ಸ್ವಾತಂತ್ರ್ಯಾನಂತರ, 1951ರಲ್ಲಿ.

ಇಂದು ನಮ್ಮ ಅಂಗಡಿಗಳಲ್ಲಿ ಕಾಣುವ ಗುಂಡುಕಾಳಿನಂಥ ಪುಡಿಯೂ ಅಸ್ಸಾಮಿನ ಕೊಡುಗೆಯೇ. ಎಲೆಯನ್ನು ಹಿಂಡಿ, ಹರಿದು, ಸುರುಳಿಸುವ ಯಂತ್ರ 1930ರ ಸುಮಾರಿಗೆ ಅಲ್ಲಿ ರೂಪುಗೊಂಡಿತು. ಈ ಪುಡಿ ಬೇಗ ಬಣ್ಣ ಬಿಡುತ್ತದೆ. ಸ್ವಲ್ಪದರಲ್ಲಿ ಹೆಚ್ಚು ಲೋಟಗಳಾಗುತ್ತವೆ. ಬಡವರ ಮನೆಗೂ ಚಹ ಸೇರಿದುದಕ್ಕೆ ಇದೂ ಒಂದು ಕಾರಣ.

ಒಂದು ಲೋಟ ಚಹದ ಬೆಲೆಯನ್ನು ನಾವು ಕಾಸಿನಲ್ಲಿ ಎಣಿಸುತ್ತೇವೆ. ಕಾಡಿನ ಜನರ ಅರಿವು, ಮಣಿರಾಮನ ಕೊರಳು, ಊರು ಬಿಟ್ಟ ಆಳುಗಳ ಬೆವರು, ಇವು ಆ ಲೆಕ್ಕಕ್ಕೆ ಸೇರಿಲ್ಲ. ಸೇರಿಸಿಕೊಂಡು ಕುಡಿದರೆ ಚಹದ ರುಚಿಯೇನೂ ಕೆಡದು.